ವಾಪಸಮ್ಮನ ಡಬ್ಬಿ

ಆ ಬೀದಿಯಲ್ಲಿ ಅವಳನ್ನು ಎಲ್ಲರೂ ವಾಪಸಮ್ಮ ಅಂತಲೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ. ಎದುರಿಗೆ ಕರೆಯುವಷ್ಟು ಎದೆಗಾರಿಕೆ ಯಾರಿಗಿತ್ತು? ಹೆಸರಿಟ್ಟವನು ಎದುರಂಗಡಿಯ ಕೀಲಿ ರಿಪೇರಿಯವನು. ಅವನ ಕೈಗಿಂತ ಬಾಯಿ ಚುರುಕು. ಆದರೆ ಹೆಸರೇನೂ ಸುಳ್ಳಾಗಿರಲಿಲ್ಲ ಬಿಡಿ. ಬೆಳಿಗ್ಗೆ ಅವಳಿಗೊಂದು ಲೋಟ ಟೀ ಕಳಿಸಿದರೆ ಸಂಜೆಯೊಳಗೆ ಅದು ಬೇರೆ ರೂಪ ತಾಳಿ ಅವನ ಬಾಗಿಲಿಗೆ ಬರುತ್ತಿತ್ತು. ಹೆಚ್ಚಾಗಿ ಗುಂಡಿಯ ರೂಪದಲ್ಲಿ. ಸೂಜಿ ದಾರ ಹಿಡಿದು ಬಂದು, ನಿನ್ನ ಅಂಗಿಯ ಗುಂಡಿ ಸಡಿಲವಾಗಿದೆ, ಬಿಚ್ಚಿ ಕೊಡು ಅನ್ನುತ್ತಿದ್ದಳು. ಸಡಿಲವಾಗಿಲ್ಲ ಅಂದರೂ ಕೇಳುತ್ತಿರಲಿಲ್ಲ, ಗಟ್ಟಿಯಾಗಿದ್ದದ್ದನ್ನು ಕಿತ್ತು ಮತ್ತೆ ಹೊಲಿದು ಕೊಟ್ಟು ಹೋಗುತ್ತಿದ್ದಳು. ಪಾಪ, ಒಂದು ಟೀ ಕುಡಿಸಿದ ತಪ್ಪಿಗೆ ಆ ಮನುಷ್ಯ ಬನಿಯನ್ನಿನಲ್ಲಿ ಕೂತು ಬೀಗ ಉಜ್ಜಬೇಕಾಗುತ್ತಿತ್ತು.

ಅವಳ ಅಂಗಡಿ ಒಂದು ಹಳೆಯ ಕಟ್ಟಡದ ಮೆಟ್ಟಿಲ ಕೆಳಗಿತ್ತು. ಹೊಸ ಬಟ್ಟೆ ಹೊಲಿಯುವ ಗೊಡವೆಗೆ ಅವಳು ಹೋದವಳಲ್ಲ. ಉದ್ದವಾದ ಪ್ಯಾಂಟನ್ನು ಮೋಟು ಮಾಡುವುದು, ಕೆಟ್ಟ ಜಿಪ್ ಬಿಚ್ಚಿ ಬೇರೆ ಹಾಕುವುದು, ಸವೆದ ಕಾಲರನ್ನು ತಿರುವಿ ಹೊಲಿಯುವುದು, ಕೋಟಿನ ಒಳಬಟ್ಟೆ ಬದಲಿಸುವುದು, ಇಷ್ಟೇ. ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರ, ಅದರ ಮೇಲೊಂದು ಬಲ್ಬು, ಗೋಡೆಗೆ ಹೊಡೆದ ಮೊಳೆಗಳಲ್ಲಿ ಊರವರ ಬಟ್ಟೆ. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಸುಣ್ಣದ ಪುಡಿ ಅವಳ ತಲೆ ಮೇಲೆ ಉದುರುತ್ತಿತ್ತು. ಅಂಗಡಿಯ ಹಿಂದೆ ಒಂದೇ ಕೋಣೆ. ಅಲ್ಲೊಂದು ಮಂಚ, ಒಂದು ಸ್ಟವ್, ಒಂದು ಕಪಾಟು. ಕುರ್ಚಿ ಒಂದೇ. ಎರಡನೆಯದು ಯಾಕೆ ಬೇಕು, ಬರುವವರು ಯಾರು?

ಪಾತ್ರೆಯ ಪಾಠ ಕಲಿಸಿದ್ದು ಅವಳ ಅಮ್ಮ. ಪಕ್ಕದ ಮನೆಯಿಂದ ಏನಾದರೂ ಬಂದರೆ ಆ ಪಾತ್ರೆಯನ್ನು ಬರಿದಾಗಿ ಕಳಿಸುವ ಹಾಗಿರಲಿಲ್ಲ, ಕೊನೆಗೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಬೇಕಿತ್ತು. ಅಮ್ಮ ಅದನ್ನು ನಗುನಗುತ್ತಾ ಮಾಡುತ್ತಿದ್ದಳು. ಮಗಳು ಹಲ್ಲು ಕಚ್ಚಿ ಮಾಡಿದಳು. ಯಾರ ಹಂಗೂ ನನಗೆ ಬೇಡ ಅನ್ನುವುದು ಅವಳ ಬಾಯಲ್ಲಿ ದಿನಕ್ಕೆ ನಾಲ್ಕು ಸಲ ಬರುತ್ತಿತ್ತು. ಹಂಗು ಬೇಡ ಅನ್ನುತ್ತಾ ಅನ್ನುತ್ತಾ ಒಬ್ಬೊಬ್ಬರೇ ದೂರ ಸರಿದರು. ಕೊಟ್ಟದ್ದನ್ನೆಲ್ಲ ಮುಖಕ್ಕೆ ತಿರುಗಿಸಿ ಕೊಡುವವಳ ಹತ್ತಿರ ಎಷ್ಟು ದಿನ ಅಂತ ಜನ ಬಂದಾರು? ಭಾನುವಾರ ಸಂಜೆ ಅಂಗಡಿಯ ಬಾಗಿಲು ಎಳೆದು, ಒಬ್ಬಳೇ ಊಟ ಮಾಡಿ, ಒಂದೇ ತಟ್ಟೆ ತೊಳೆದಿಟ್ಟು ಅವಳು ಮಂಚದ ಮೇಲೆ ಕೂತಿರುತ್ತಿದ್ದಳು. ಮೇಲಿನ ಮನೆಯವರ ನಗು ಮೆಟ್ಟಿಲಿಳಿದು ಬರುತ್ತಿತ್ತು. ಆಗ ಅವಳು ತೊಳೆದಿಟ್ಟ ತಟ್ಟೆಯನ್ನೇ ಮತ್ತೊಮ್ಮೆ ತೊಳೆಯುತ್ತಿದ್ದಳು, ನಿಜ ಹೇಳಬೇಕೆಂದರೆ.

ಬೀದಿಯ ಕೊನೆಯಲ್ಲಿದ್ದ ಚರ್ಚಿಗೆ ಅವಳು ತಪ್ಪದೆ ಹೋಗುತ್ತಿದ್ದಳು. ಕಡೆಯ ಬೆಂಚು, ಗೋಡೆ ಬದಿ. ಅಲ್ಲಿನ ಮೇಜುಬಟ್ಟೆ ಒಗೆದು ಇಸ್ತ್ರಿ ಮಾಡುವವಳು ಅವಳೇ, ಪರದೆಯ ಅಂಚು ಹೊಲಿಯುವವಳೂ ಅವಳೇ. ಆದರೆ ಕರ್ತನ ಭೋಜನದ ದಿನ, ಯೇಸುವಿನ ಮರಣದ ನೆನಪಿಗೆ ಎಲ್ಲರೂ ಹಂಚಿಕೊಳ್ಳುವ ರೊಟ್ಟಿಯ ತಟ್ಟೆ ಬೆಂಚಿನಿಂದ ಬೆಂಚಿಗೆ ಬಂದಾಗ ಅದನ್ನು ಮುಟ್ಟದೆ ಪಕ್ಕದವರ ಕಡೆ ದಾಟಿಸಿಬಿಡುತ್ತಿದ್ದಳು. ಯೇಸು ನನಗಾಗಿ ಪ್ರಾಣ ಕೊಟ್ಟ ಅಂತ ಹೇಳಿ ಕೈಯೊಡ್ಡಿ ತಗೊಳ್ಳಬೇಕಲ್ಲ, ಅದು ಅವಳಿಂದ ಆಗುತ್ತಿರಲಿಲ್ಲ. ಪ್ರಾಣಕ್ಕೆ ಬದಲಾಗಿ ಯಾವ ಗುಂಡಿ ಹೊಲಿದು ಕೊಡೋಣ? ಇನ್ನೂ ಸ್ವಲ್ಪ ಒಳ್ಳೆಯವಳಾಗಿ, ತಕ್ಕವಳಾಗಿ, ಆಮೇಲೆ ತಗೊಂಡರಾಯಿತು ಅಂದುಕೊಂಡಿದ್ದಳು. ಅಂದುಕೊಂಡೇ ತಲೆ ನೆರೆಯಿತು.

ಅಷ್ಟು ಅಯೋಗ್ಯಳೆಂದು ಯಾಕೆ ಅಂದುಕೊಂಡಿದ್ದಳು ಅಂದರೆ, ಕಾರಣವಿತ್ತು. ಅವಳಿಗೊಬ್ಬಳು ತಂಗಿ. ಅಮ್ಮನ ಬಾಯಲ್ಲಿ ಅವಳು ಹುಟ್ಟಿದಾಗಿನಿಂದ ಚಿಕ್ಕವಳು. ಚಿಕ್ಕವಳು ಮದುವೆಯಾಗಿ ಬೇರೆ ಊರಿಗೆ ಹೋದಳು. ಅಮ್ಮ ಹಾಸಿಗೆ ಹಿಡಿದಾಗ ನೋಡಿಕೊಂಡವಳು ದೊಡ್ಡವಳು. ಉಣಿಸಿದ್ದು, ಒರೆಸಿದ್ದು, ಎತ್ತಿ ಕೂರಿಸಿದ್ದು ಎಲ್ಲಾ ಅವಳೇ. ಆದರೆ ಕೊನೆಯ ದಿನಗಳಲ್ಲಿ ಅಮ್ಮ ಕೇಳಿದ್ದು ಮಾತ್ರ ಚಿಕ್ಕವಳನ್ನು. ಬಂದಳಾ, ಬಂದಳಾ ಅಂತ ಬಾಗಿಲು ನೋಡುತ್ತಿದ್ದಳು. ದೊಡ್ಡವಳ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಮೈ ಮುರಿದು ಮಾಡುವವಳು ನಾನು, ಬೇಕಾದವಳು ಅವಳು! ತಂಗಿಗೆ ಹೇಳಿಕಳಿಸಲೇ ಇಲ್ಲ. ಎಲ್ಲಾ ಮುಗಿದ ಮೇಲೆ ತಂಗಿ ಓಡೋಡಿ ಬಂದು, ಅಮ್ಮ ನನ್ನ ಕೇಳಿದಳಾ ಅಕ್ಕಾ ಅಂದಳು. ನಿನ್ನ ಹೆಸರೇ ಎತ್ತಲಿಲ್ಲ ಅಂದುಬಿಟ್ಟಳು ಇವಳು.

ಇಂಥ ಸುಳ್ಳು ಮುಚ್ಚಿಡುವುದಕ್ಕಾಗುತ್ತದೆಯೇ? ಅಕ್ಕಪಕ್ಕದವರ ಬಾಯಿಂದ ತಂಗಿಗೆ ಗೊತ್ತಾಯಿತು. ಜಗಳಕ್ಕೆ ಬರುತ್ತಾಳೆ ಅಂತ ಇವಳು ಸೆರಗು ಬಿಗಿದು ಕೂತಿದ್ದರೆ, ಅವಳು ಒಂದು ಸ್ಟೀಲ್ ಡಬ್ಬಿಯಲ್ಲಿ ಸಿಹಿ ತುಂಬಿಕೊಂಡು ಬಂದಳು. ಗೊತ್ತಾಯಿತು, ಅತ್ತಿದ್ದೂ ಆಯಿತು, ಮನಸ್ಸಿನಿಂದ ತೆಗೆದುಹಾಕಿದ್ದೇನೆ, ನೀನು ಮನೆಗೆ ಬಾ ಅಂದಳು. ತಂಗಿ ಹೋದ ಮೇಲೆ ಅಕ್ಕ ಡಬ್ಬಿ ತೊಳೆದು, ಬಿಸ್ಕತ್ತು ತುಂಬಿ, ತಂಗಿಯ ಮಗಳಿಗೊಂದು ಫ್ರಾಕ್ ಹೊಲಿದು, ಹೋಗುವವರ ಕೈಲಿ ಕಳಿಸಿದಳು. ತಂಗಿ ಮತ್ತೆ ತುಂಬಿ ಕಳಿಸಿದಳು. ಇವಳು ಅದಕ್ಕಿಂತ ಹೆಚ್ಚು ತುಂಬಿ ತಿರುಗಿಸಿದಳು. ಹೀಗೆ ವರ್ಷಗಟ್ಟಲೆ ಆ ಡಬ್ಬಿ ಓಡಾಡಿತು, ಅಕ್ಕ ಮಾತ್ರ ಹೋಗಲಿಲ್ಲ. ಕೊನೆಗೊಮ್ಮೆ ಡಬ್ಬಿಯ ಜೊತೆ ಒಂದು ಮಾತೂ ಬಂತು. ಈ ಸಲವಾದರೂ ಖಾಲಿ ಡಬ್ಬಿ ಕೊಡಲು ಹೇಳಿ ನಮ್ಮಕ್ಕನಿಗೆ, ಅದೂ ಅವಳೇ ಬಂದು ಕೊಡಬೇಕು. ಅಷ್ಟೇ. ತುಂಬಿ ಕೊಡುವ ಹಾಗಿಲ್ಲ, ಖಾಲಿ ಕೊಡಲು ಕೈ ಬರುವುದಿಲ್ಲ. ತೊಳೆದ ಖಾಲಿ ಡಬ್ಬಿ ಕಪಾಟಿನ ಮೇಲೆ ಕೂತಿತು. ಅಕ್ಕತಂಗಿಯರ ನಡುವೆ ಮಾತೂ ಅಲ್ಲಿಗೆ ನಿಂತಿತು.

ಹೀಗಿರುವಾಗ ತಂಗಿಯ ಗಂಡ ಕೀಲಿ ರಿಪೇರಿಯವನ ಅಂಗಡಿಗೆ ಫೋನು ಮಾಡಿದ. ಚಿಕ್ಕವಳಿಗೆ ಹುಷಾರಿಲ್ಲ, ಡಾಕ್ಟರು ಕೈಚೆಲ್ಲಿದ್ದಾರೆ, ಅಕ್ಕನನ್ನು ಕೇಳುತ್ತಿದ್ದಾಳೆ, ಬೇಗ ಬನ್ನಿ ಅಂದ. ಬೇರೆ ಯಾರಾದರೂ ಆಗಿದ್ದರೆ ಉಟ್ಟ ಬಟ್ಟೆಯಲ್ಲೇ ಬಸ್ಸು ಹತ್ತುತ್ತಿದ್ದರು. ನಮ್ಮ ವಾಪಸಮ್ಮ ಏನು ಮಾಡಿದಳು ಗೊತ್ತೇ? ಬರಿಗೈಯಲ್ಲಿ ಹೇಗೆ ಹೋಗುವುದು ಅಂತ ಹೊದಿಕೆ ಹೊಲಿಯಲು ಕೂತಳು! ಚೂರುಬಟ್ಟೆಯ ಮೂಟೆ ಬಿಚ್ಚಿ, ಒಳ್ಳೊಳ್ಳೆಯ ತುಂಡು ಆರಿಸಿ, ಚೌಕ ಚೌಕವಾಗಿ ಕತ್ತರಿಸಿ ಜೋಡಿಸತೊಡಗಿದಳು. ಮಾಡಿದ ತಪ್ಪಿಗೆಲ್ಲ ಸಾಟಿಯಾಗುವಂಥ ಹೊದಿಕೆಯಾಗಬೇಕಿತ್ತು ಅದು. ಒಂದು ಸಾಲು ಮುಗಿದರೆ ಇಷ್ಟು ಸಾಲದು, ಇನ್ನೊಂದು ಬೇಕು ಅನ್ನಿಸುತ್ತಿತ್ತು. ಹೊಲಿಯುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದಳು, ಒರೆಸಿಕೊಂಡು ಮತ್ತೆ ಹೊಲಿಯುತ್ತಿದ್ದಳು.

ಆ ಹೊತ್ತಿಗೆ ರಿಪೇರಿಗೆ ಕೊಟ್ಟಿದ್ದ ಕೋಟು ಕೇಳಿಕೊಂಡು ಚರ್ಚಿನ ಪಾಸ್ಟರ್ ಬಂದರು. ವಯಸ್ಸಾದ ಮನುಷ್ಯ, ಕನ್ನಡಕವನ್ನು ತಲೆ ಮೇಲಿಟ್ಟುಕೊಂಡು ಜೇಬಿನಲ್ಲಿ ಹುಡುಕುವ ಜಾತಿ. ಕೋಟಿಗೆ ಕೈ ಹಚ್ಚಿಲ್ಲ ಅಂತ ಕೇಳಿ ಅವರಿಗೆ ಆಶ್ಚರ್ಯವಾಯಿತು, ವಾಪಸಮ್ಮ ಹೇಳಿದ ದಿನ ತಪ್ಪಿಸಿದವಳಲ್ಲ. ಏನಮ್ಮಾ ಸಮಾಚಾರ ಅಂದರು. ಅದೇನಾಯಿತೋ, ಎಂದೂ ಬಾಯಿ ಬಿಡದವಳು ಅವತ್ತು ಎಲ್ಲವನ್ನೂ ಹೇಳಿಬಿಟ್ಟಳು. ಅಮ್ಮ, ಸುಳ್ಳು, ಡಬ್ಬಿ, ಫೋನು, ಯಾವುದನ್ನೂ ಬಿಡಲಿಲ್ಲ. ತಲೆ ಎತ್ತದೆ, ಹೊಲಿಗೆ ನಿಲ್ಲಿಸದೆ ಹೇಳಿದಳು. ಪಾಸ್ಟರ್ ಗಿರಾಕಿಗಳ ಸ್ಟೂಲಿನ ಮೇಲೆ ಕೂತು ಕೇಳಿದರು.

"ಇದು ಮುಗಿಯೋದು ಯಾವಾಗ?" ಅಂದರು.

"ಇನ್ನೊಂದು ವಾರ ಹಿಡಿಯುತ್ತೆ."

"ನಿಮ್ಮ ತಂಗಿಗೆ ಒಂದು ವಾರ ಇದೆಯಾ?"

ಯಂತ್ರ ನಿಂತಿತು. ಅಮ್ಮನ ಹತ್ತಿರಕ್ಕೆ ತಂಗಿ ತಡವಾಗಿ ಬರುವ ಹಾಗೆ ಮಾಡಿದವಳು ಇವಳೇ. ಈಗ ತಂಗಿಯ ಹತ್ತಿರಕ್ಕೆ ತಾನೇ ತಡವಾಗಿ ಹೋಗಲು ಕೂತಿದ್ದಾಳೆ, ಅದೂ ಒಂದು ಹೊದಿಕೆ ನೆಪ ಮಾಡಿಕೊಂಡು.

ಪಾಸ್ಟರ್ ಮೆತ್ತಗೆ ಹೇಳಿದರು. ತಂಗಿ ಕ್ಷಮಿಸಿ ಯಾವ ಕಾಲವಾಯಿತು, ನೀವಿನ್ನೂ ಅದನ್ನು ತಗೊಂಡಿಲ್ಲ. ಚರ್ಚಿನಲ್ಲಿ ತಟ್ಟೆ ದಾಟಿಸುತ್ತೀರಲ್ಲ, ಅಲ್ಲಿ ನಡೆಯುತ್ತಿರುವುದೂ ಇದೇ. ನಮ್ಮಲ್ಲಿ ತಕ್ಕವರು ಯಾರೂ ಇಲ್ಲ, ನಾನೂ ಅಲ್ಲ. ನಾವು ಎಷ್ಟು ತುಂಬಿದರೂ ಸಾಲುವುದಿಲ್ಲ ಅಂತ ಗೊತ್ತಿದ್ದೇ ಯೇಸು ಬಂದದ್ದು. ನಮ್ಮ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡು ಶಿಲುಬೆಯಲ್ಲಿ ಸತ್ತ, ಮತ್ತೆ ಜೀವಂತವಾಗಿ ಎದ್ದ. ನಾವು ಸೇರಿಸಬೇಕಾದ್ದು ಏನೂ ಉಳಿದಿಲ್ಲ. ತಪ್ಪು ಮಾಡಿದ್ದೇನೆ ಅಂತ ಒಪ್ಪಿಕೊಂಡು, ಅದರಿಂದ ತಿರುಗಿ, ಆತನನ್ನು ನಂಬಿ ಕೈ ಚಾಚಬೇಕು. ರಕ್ಷಣೆ ಅನ್ನುವುದು ಅದೇ. ಒಳ್ಳೆಯ ಕೆಲಸ ಬೇಡ ಅಂತಲ್ಲ, ಅದು ಸಿಕ್ಕಿದ ಸಂತೋಷಕ್ಕೆ ಮಾಡುವುದು, ಸಿಗಲಿ ಅಂತ ಮಾಡುವುದಲ್ಲ ಅಂದರು.

"ನೀವು ಕೊಡೋಕೆ ಹೋಗ್ತೀರಿ, ಆತನೂ ಕೊಡೋಕೆ ಬಂದಿದ್ದಾನೆ. ಇಬ್ಬರೂ ಕೊಡ್ತಾ ನಿಂತ್ರೆ ತಗೊಳ್ಳೋರು ಯಾರಮ್ಮಾ?"

"ಅಷ್ಟು ಸುಲಭಾನಾ ಪಾಸ್ಟ್ರೇ?"

"ಸುಲಭ ಅಂತ ಯಾರು ಹೇಳಿದ್ದು? ಇಷ್ಟು ವರ್ಷದಿಂದ ನಿಮ್ಮ ಕೈಲಿ ಆಗಿಲ್ಲವಲ್ಲ."

ಅಷ್ಟು ಹೇಳಿ, ಕೋಟು ಆಮೇಲೆ ನೋಡಿಕೊಳ್ಳೋಣ ಅಂತ ಎದ್ದು ಹೋದರು. ಕನ್ನಡಕ ಹುಡುಕುತ್ತಲೇ ಹೋದರು.

ಅವಳು ಅರ್ಧ ಹೊಲಿದ ಹೊದಿಕೆಯನ್ನು ಯಂತ್ರದ ಮೇಲೇ ಬಿಟ್ಟು, ಕಪಾಟಿನ ಮೇಲಿನ ಡಬ್ಬಿ ಇಳಿಸಿ ಧೂಳೊರೆಸಿ ಚೀಲಕ್ಕೆ ಹಾಕಿದಳು. ಬಸ್ ನಿಲ್ದಾಣದಲ್ಲಿ ಹಣ್ಣಿನ ಗಾಡಿ ಕಂಡದ್ದೇ ಕಾಲು ತಾನಾಗೇ ಅತ್ತ ತಿರುಗಿತು. ಸೇಬು ಆರಿಸಿ ಆರಿಸಿ ತಕ್ಕಡಿಗೆ ಹಾಕಿದಳು. ಹಣ್ಣಿನವನು ತೂಕ ಹಿಡಿದಾಗ, ಬೇಡಪ್ಪಾ ಅಂದುಬಿಟ್ಟಳು. ಅವನು ಗೊಣಗಿದ. ಗೊಣಗಿಸಿಕೊಂಡು, ಮುಖ ಕೆಂಪು ಮಾಡಿಕೊಂಡು ಬಸ್ಸು ಹತ್ತಿದಳು. ಬದುಕಿನಲ್ಲಿ ಮೊದಲ ಸಲ ಬರಿಗೈಯಲ್ಲಿ ಹೊರಟಿದ್ದಳು, ಬೀದಿಯಲ್ಲಿ ಬಟ್ಟೆಯಿಲ್ಲದೆ ನಿಂತ ಹಾಗೆ ನಾಚಿಕೆಯಾಗುತ್ತಿತ್ತು.

ಕಿಟಕಿ ಪಕ್ಕದ ಸೀಟು. ಡಬ್ಬಿ ತೊಡೆಯ ಮೇಲೆ. ಪ್ರಾರ್ಥನೆ ಮಾಡೋಣವೆಂದರೆ ಚರ್ಚಿನಲ್ಲಿ ಕೇಳಿದ ದೊಡ್ಡ ಮಾತು ಒಂದೂ ನೆನಪಿಗೆ ಬರಲಿಲ್ಲ. ಪಕ್ಕದವರಿಗೆ ಕೇಳಿಸದ ಹಾಗೆ ತುಟಿಯಲ್ಲೇ ಅಂದಳು: "ಯೇಸಪ್ಪಾ, ನಾನು ಕೆಟ್ಟವಳು. ನಿನಗೆ ಕೊಡೋಕೆ ನನ್ನ ಹತ್ರ ಏನೂ ಇಲ್ಲ. ನೀನು ಕೊಡೋದನ್ನ ತಗೋತೀನಿ." ಅಷ್ಟಂದ ಮೇಲೆ ಅಳು ಬಂತು. ಕಿಟಕಿ ಕಡೆ ಮುಖ ತಿರುಗಿಸಿ ಇಳಿಯುವ ಊರಿನ ತನಕ ಅತ್ತಳು.

ತಂಗಿಯ ಗಂಡ ಬಾಗಿಲು ತೆಗೆದು, ಒಳಗಿದ್ದಾಳೆ, ಎಚ್ಚರವಾಗಿದ್ದಾಳೆ ಅಂದ. ಹಾಸಿಗೆಯಲ್ಲಿ ಇಷ್ಟೇ ಇಷ್ಟಾಗಿದ್ದಳು ಚಿಕ್ಕವಳು. ಅಕ್ಕನನ್ನು ಕಂಡು ಕಣ್ಣು ಅರಳಿತು, ಆಮೇಲೆ ಚೀಲದ ಮೇಲೆ ಹೋಯಿತು. ಅಕ್ಕ ಡಬ್ಬಿ ತೆಗೆದು ಅವಳ ಕೈಗಿಟ್ಟಳು. ಮುಚ್ಚಳ ಬಿಚ್ಚುವಷ್ಟು ಶಕ್ತಿ ಆ ಬೆರಳಿಗಿರಲಿಲ್ಲ, ಅಕ್ಕನೇ ಬಿಚ್ಚಿದಳು. ತಂಗಿ ಒಳಗೆ ನೋಡಿದಳು, ತುಂಬಾ ಹೊತ್ತು ನೋಡಿದಳು.

"ಏನೂ ಇಲ್ಲ," ಅಂದಳು.

"ಇಲ್ಲ ಕಣೇ. ಏನೂ ತಂದಿಲ್ಲ." ಅಕ್ಕ ಮಂಚದ ಅಂಚಿಗೆ ಕೂತಳು. "ಅಮ್ಮ ನಿನ್ನ ಕೇಳಿದ್ಲು. ದಿನಾ ಕೇಳ್ತಿದ್ಲು. ಹೊಟ್ಟೆಕಿಚ್ಚಿಗೆ ನಾನೇ ನಿನಗೆ ಹೇಳಿಕಳಿಸಲಿಲ್ಲ. ಆಮೇಲೆ ನಿನಗೆ ಸುಳ್ಳು ಹೇಳಿದೆ. ತಪ್ಪಾಯ್ತು."

"ಗೊತ್ತಿತ್ತು ಅಕ್ಕಾ. ಬಿಟ್ಟೂ ಆಗಿತ್ತು." ತಂಗಿ ಉಸಿರು ಎಳೆದುಕೊಂಡಳು. "ಆದ್ರೆ ಅಮ್ಮ ಏನಂತ ಕೇಳ್ತಿದ್ಲು, ಅದು ನಿನಗೊಬ್ಬಳಿಗೇ ಗೊತ್ತಿರೋದು. ಹೇಳು."

"ಚಿಕ್ಕವಳು ಬಂದ್ಲಾ, ಅಂತ."

"ಇನ್ನೊಂದ್ಸಲ."

"ಚಿಕ್ಕವಳು ಬಂದ್ಲಾ. ಬಾಗಿಲು ತೆಗೆದಿಡು, ಚಿಕ್ಕವಳು ಬರ್ತಾಳೆ. ಹೀಗೇ ಅಂತಿದ್ಲು."

ತಂಗಿ ಕಣ್ಣು ಮುಚ್ಚಿಕೊಂಡು ಕೇಳಿದಳು. ಮತ್ತೆ ಹೇಳಿಸಿದಳು. ಅಕ್ಕ ಅಮ್ಮನ ದನಿಯಲ್ಲೇ ಹೇಳಿದಳು, ಕತ್ತಲಾಗಿ ತಂಗಿಯ ಗಂಡ ದೀಪ ಹಾಕುವ ತನಕ ಹೇಳಿದಳು. ಖಾಲಿ ಡಬ್ಬಿಯನ್ನು ತಂಗಿ ದಿಂಬಿನ ಪಕ್ಕದಲ್ಲಿ ಇಟ್ಟುಕೊಂಡಳು, ತೆಗೆಯಲು ಯಾರಿಗೂ ಬಿಡಲಿಲ್ಲ.

ಚಿಕ್ಕವಳು ವಾರ ತುಂಬುವುದರೊಳಗೆ ಹೋಗಿಬಿಟ್ಟಳು. ಅಕ್ಕ ಕೊನೆಯವರೆಗೂ ಪಕ್ಕದಲ್ಲಿದ್ದಳು. ಹಿಂದಿರುಗಿ ಬಂದು ಬಾಗಿಲು ತೆಗೆದರೆ ಹೊದಿಕೆ ಬಿಟ್ಟ ಜಾಗದಲ್ಲೇ ಬಿದ್ದಿತ್ತು, ಯಂತ್ರದ ಸೂಜಿ ಇನ್ನೂ ಅದರ ಮಧ್ಯದಲ್ಲೇ ನಿಂತಿತ್ತು. ಕೋಣೆ ಮೊದಲಿಗಿಂತ ದೊಡ್ಡದಾಗಿ ಕಂಡಿತು. ಈಗ ನಿಜಕ್ಕೂ ಅವಳಿಗೆ ಯಾರೂ ಇರಲಿಲ್ಲ. ಅತ್ತಳು, ಗಟ್ಟಿಯಾಗಿಯೇ ಅತ್ತಳು. ಮೇಲಿನವರು ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ ಅಂತ ಬಿಟ್ಟಳು.

ಮುಂದಿನ ಸಲ ಕರ್ತನ ಭೋಜನದ ದಿನ ಚರ್ಚಿನಲ್ಲಿ ರೊಟ್ಟಿಯ ತಟ್ಟೆ ಕಡೆಯ ಬೆಂಚಿಗೆ ಬಂತು. ಪಕ್ಕದಾಕೆ ಅಭ್ಯಾಸದಂತೆ ಅದನ್ನು ದಾಟಿಸಿಕೊಳ್ಳಲು ಕೈ ಚಾಚಿ ಕಾಯುತ್ತಿದ್ದಳು. ತಟ್ಟೆ ಬರುವುದು ತಡವಾಯಿತು. ತಿರುಗಿ ನೋಡಿದರೆ ವಾಪಸಮ್ಮ ಒಂದು ತುಂಡು ಎತ್ತಿ ಬಾಯಿಗಿಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದಳು.

ಮಾರನೆಯ ದಿನ ಕೀಲಿ ರಿಪೇರಿಯವನು ಎಂದಿನಂತೆ ಟೀ ತಂದುಕೊಟ್ಟ. ಸಾವಿನ ಮನೆಯಿಂದ ಬಂದವಳಿಗೆ ಏನು ಹೇಳುವುದು ಗೊತ್ತಾಗದೆ, ಸಂಜೆ ಅವಳು ಬರುವ ಹೊತ್ತಿಗೆ ಅಂಗಿ ಬಿಚ್ಚಿ ಮಡಿಚಿ ಇಟ್ಟುಕೊಂಡಿದ್ದ. ಅವಳು ಬೀದಿ ದಾಟಿ ಬಂದು ತೊಳೆದ ಲೋಟವನ್ನು ಮೇಜಿನ ಮೇಲಿಟ್ಟಳು. ಕೈಯಲ್ಲಿ ಸೂಜಿಯಿಲ್ಲ, ದಾರವಿಲ್ಲ.

"ಗುಂಡಿ?" ಅಂದ ಅವನು.

"ಟೀ ಚೆನ್ನಾಗಿತ್ತು," ಅಂದು ಅವಳು ತನ್ನ ಅಂಗಡಿಗೆ ಹೋದಳು. ಅವನು ಅಂಗಿ ಹಾಕಿಕೊಂಡ.