ಹಲ್ಲಿನಿಂದ ಎಂಜಿನ್ ಕೇಳುವ ಯೋಹಾನ

ಕೆಲಗೇರಿಯ ಕೆರೆಯ ಮೇಲೆ ಇನ್ನೂ ಬೆಳಕು ಪೂರ್ತಿ ಬಿದ್ದಿಲ್ಲ. ಬಾಳಕೃಷ್ಣ ಅವರ ಮನೆಯಂಗಳದಲ್ಲಿ ಹಳೆಯ ಫಿಯೆಟ್ ಕಾರಿನ ಬಾನೆಟ್ ತೆರೆದು ಒಬ್ಬರು ಬಾಗಿ ನಿಂತಿದ್ದಾರೆ. ಹಲ್ಲುಗಳ ನಡುವೆ ಮೊಳದುದ್ದದ ತೇಗದ ಕೋಲು. ಅದರ ಇನ್ನೊಂದು ತುದಿ ಎಂಜಿನ್ನಿನ ಮೇಲಿದೆ. ಅವರು ಕೈ ಎತ್ತಿದಾಗ ಕಾರಿನೊಳಗೆ ಕುಳಿತ ಬಾಳಕೃಷ್ಣ ಸೆಲ್ಫ್ ಹೊಡೆಯುತ್ತಾರೆ. ಎಂಜಿನ್ ಗರಗರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಕೈ ಇಳಿಯುತ್ತದೆ. ಕೋಲು ಒಂದು ಗೇಣು ಆಚೆ ಸರಿಯುತ್ತದೆ.

ಇವರು ಯೋಹಾನ ಮಿಸ್ತ್ರಿ. ವಯಸ್ಸು ಅರವತ್ತೆರಡು. ಲಕಮನಹಳ್ಳಿಯ ತಗಡಿನ ಶೆಡ್ಡಿನಲ್ಲಿ ನಲವತ್ತಾರು ವರ್ಷಗಳಿಂದ ಹಳೆಯ ಕಾರುಗಳನ್ನು ಬಿಚ್ಚಿ ಕಟ್ಟುತ್ತಿದ್ದಾರೆ. ತಂದೆ ಮಿಶನ್ ಶಾಲೆಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ಪಾನಾ ಹಿಡಿಯುವುದನ್ನು ಕಲಿಸಿದವರು ಅವರೇ. ಇದುವರೆಗೆ ನಾನೂರಕ್ಕೂ ಹೆಚ್ಚು ಎಂಜಿನ್ ಕಟ್ಟಿದ್ದೇನೆ ಎಂದು ಯೋಹಾನ ಹೇಳುತ್ತಾರೆ. ಒಂದು ಕಾಲಕ್ಕೆ ದಿನಕ್ಕೆ ಐದಾರು ಗಾಡಿ ಬರುತ್ತಿದ್ದವು. ಈಗ ವಾರಕ್ಕೆ ಎರಡು ಬಂದರೆ ಹೆಚ್ಚು.

ಎಂಟು ವರ್ಷಗಳ ಹಿಂದೆ ಕಿವಿ ಸೋರಿ ಸೋರಿ ಎರಡೂ ತಮಟೆ ಹೋದವು. ಮಾತನ್ನು ತುಟಿ ನೋಡಿ ತಿಳಿಯುತ್ತಾರೆ.

"ಮೂರು ತಿಂಗಳ ಗಾಡಿ ಮುಟ್ಟಲಿಲ್ರಿ" ಎನ್ನುತ್ತಾರೆ. "ಒಂದಿನಾ ಸುಮ್ನ ಸ್ಕ್ರೂಡ್ರೈವರ್ ಬಾಯಾಗ ಕಚ್ಚಿಕೊಂಡು ಬಗ್ಗಿದ್ನಿ. ತುದಿ ಎಂಜಿನ್ನಿಗೆ ತಾಕ್ತು. ತಲಿಯೊಳಗ ಟಪ್ ಟಪ್ ಕೇಳ್ತು. ಹಲ್ಲ ಇರೂ ತನಕ ನಂದು ನಡೀತೈತಿ ಅಂತ ಅವತ್ತ ತಿಳೀತು."

ಹೆಂಡತಿ ಜೆಸ್ಸಿಗೆ ಇದರ ಮೇಲೊಂದು ದೂರಿದೆ. ತಾನು ಹತ್ತು ಸಲ ಕರೆದರೂ ಕೇಳದ ಮನುಷ್ಯನಿಗೆ ವಾಲ್ವ್ ಪಿಸುಗುಟ್ಟಿದರೂ ಕೇಳುತ್ತದಂತೆ.

ಇವತ್ತಿನ ಎಂಜಿನ್ ಯೋಹಾನರೇ ಏಪ್ರಿಲ್‌ನಲ್ಲಿ ಪೂರ್ತಿ ಬಿಚ್ಚಿ ಕಟ್ಟಿದ್ದು. ಮನೆಯ ಕಂಪೌಂಡ್ ಕೆಲಸ ಶುರುವಾಗಿದ್ದರಿಂದ ಮಳೆಗಾಲವಿಡೀ ಕಾರು ಅಮ್ಮಿನಬಾವಿಯ ಪರಿಚಯದವರ ಗೋದಾಮಿನಲ್ಲಿತ್ತು. ಕಳೆದ ವಾರ ಲಾರಿಯ ಮೇಲೆ ಬಂದು ಇಳಿದದ್ದು ಇಲ್ಲಿಯವರೆಗೂ ಚಾಲೂ ಆಗಿಲ್ಲ. ಹುಬ್ಬಳ್ಳಿಯಿಂದ ಬಂದ ಇಬ್ಬರು ಮೆಕ್ಯಾನಿಕ್‌ಗಳು ಪ್ಲಗ್ ಬದಲಿಸಿದರು, ಕಾಯಿಲ್ ಬದಲಿಸಿದರು, ಕಾರ್ಬುರೇಟರ್ ತೊಳೆದರು. ಕೊನೆಗೆ ಕಟ್ಟಿದ್ದೇ ಸರಿ ಇಲ್ಲ, ಕಿವುಡನ ಕೈಗೆ ಎಂಜಿನ್ ಕೊಟ್ಟರೆ ಹೀಗೇ ಆಗುವುದು ಎಂದು ಹೋದರು. ಆ ಮಾತು ಎರಡೇ ದಿನಕ್ಕೆ ಲಕಮನಹಳ್ಳಿ ತಲುಪಿತು. ಶೆಡ್ಡಿನಲ್ಲಿದ್ದ ಎರಡು ಗಾಡಿಗಳನ್ನೂ ಮಾಲೀಕರು ವಾಪಸು ಒಯ್ದರು. ಬಾಳಕೃಷ್ಣ ಬೇರೆ ಎಂಜಿನ್ ಹಾಕಿಸಲು ನಿಶ್ಚಯಿಸಿದ್ದಾರೆ. ಕಾರನ್ನು ಹುಬ್ಬಳ್ಳಿಯ ಗ್ಯಾರೇಜಿಗೆ ಒಯ್ಯಲು ಒಂಬತ್ತಕ್ಕೆ ಲಾರಿ ಬರುತ್ತದೆ. ಅಷ್ಟರೊಳಗೆ ಒಮ್ಮೆ ನೋಡುತ್ತೇನೆಂದು ಯೋಹಾನ ತಾವಾಗಿಯೇ ಕೇಳಿಕೊಂಡು ಬಂದಿದ್ದಾರೆ. ಈ ಕಾರು ಇಲ್ಲಿಂದ ಲಾರಿಯ ಮೇಲೆ ಹೋದರೆ ಶೆಡ್ಡಿನ ಬಾಗಿಲು ಮತ್ತೆ ತೆಗೆಯಬೇಕಾಗಿಲ್ಲ ಎಂಬುದು ಅವರಿಗೆ ಗೊತ್ತು.

ಬಾಯಿಂದ ಕೋಲು ತೆಗೆದು ಅವರು ಹೇಳುತ್ತಾರೆ: "ನಾಲ್ಕೂ ಸಿಲಿಂಡರ್ ಸಮಾ ಹೊಡ್ಯಾಕತ್ತಾವ್ರಿ ಸಾಹೇಬ್ರ. ಕಟ್ಟಿದ್ದರಾಗ ತಪ್ಪಿಲ್ಲ."

ಬಾಳಕೃಷ್ಣ ಗಡಿಯಾರ ನೋಡುತ್ತಾರೆ. "ಮತ್ಯಾಕ ಚಾಲೂ ಆಗವಲ್ದು?"

ಪ್ಲಗ್ ಬಿಚ್ಚಿ ತಂತಿಗೆ ಹಚ್ಚಿದರೆ ನೀಲಿ ಕಿಡಿ ಹಾರುತ್ತದೆ. ಪ್ಲಗ್ಗಿನ ತುದಿ ಪೆಟ್ರೋಲಿನಿಂದ ಒದ್ದೆಯಾಗಿದೆ. ಕಿಡಿಯೂ ಇದೆ, ಪೆಟ್ರೋಲೂ ಬರುತ್ತಿದೆ. ಹುಬ್ಬಳ್ಳಿಯವರು ಇಲ್ಲಿಗೇ ನಿಂತಿದ್ದರು. ಯೋಹಾನ ಪ್ಲಗ್ಗುಗಳನ್ನು ಒರೆಸಿ ಮತ್ತೆ ಕೂರಿಸಿ ಕಾರಿನ ಹಿಂದಕ್ಕೆ ಹೋಗಿ ಕುಕ್ಕರಿಸುತ್ತಾರೆ. ಅಂಗೈಯನ್ನು ಸೈಲೆನ್ಸರ್ ಬಾಯಿಗೆ ಒಡ್ಡಿ ಸೆಲ್ಫ್ ಹೊಡೆಯಲು ಸನ್ನೆ ಮಾಡುತ್ತಾರೆ. ಎಂಜಿನ್ ತಿರುಗುತ್ತದೆ. ಅಂಗೈಗೆ ಗಾಳಿಯ ಎಳೆಯೂ ತಾಕುವುದಿಲ್ಲ.

"ಉಸರು ತಗೋಳಾಕ ಹಾದಿ ಐತ್ರಿ. ಬಿಡಾಕ ಇಲ್ಲ."

ಕೊಳವೆಗೆ ಯಾರಾದರೂ ಏನಾದರೂ ತುರುಕಿದ್ದರೇ ಎಂದು ಕೇಳುತ್ತಾರೆ. ಬಾಳಕೃಷ್ಣರ ಹೆಂಡತಿ ಮಂದಾಕಿನಿ ಮೆಟ್ಟಿಲ ಮೇಲೆ ಚಹಾದ ಕಪ್ಪು ಹಿಡಿದು ನಿಂತಿದ್ದಾರೆ. ಇಲಿ ಹೋಗಬಾರದೆಂದು ಕಾರು ಬಂದ ದಿನ ತಾವೇ ಹಳೇ ಸೀರೆಯ ತುಂಡು ತುರುಕಿದ್ದರಂತೆ.

"ಆದ್ರ ಮರುದಿನನ ತೆಗೆದೀನಿ ಮಿಸ್ತ್ರಿ. ಪೂರಾ ತೆಗೆದೀನಿ."

"ಹೌದ್ರಿ ವೈನಿ. ತುರುಕೂ ಮುಂದ ಕೈಗೆ ಏನರ ಅಡ್ಡ ಬಂದಿತ್ತೇನು?"

ಮಂದಾಕಿನಿ ನೆನಪಿಸಿಕೊಳ್ಳುತ್ತಾರೆ. ಏನೋ ಗಟ್ಟಿ ತಾಕಿತ್ತು, ಒತ್ತಿದಾಗ ಒಳಗೆ ಸರಿಯಿತು, ಅದು ಇರುವುದೇ ಹಾಗೆ ಎಂದುಕೊಂಡೆ ಎನ್ನುತ್ತಾರೆ.

ಯೋಹಾನ ಕಾರಿನಡಿ ತೂರುತ್ತಾರೆ. ಎಂಜಿನ್ನಿಗೂ ಸೈಲೆನ್ಸರ್ ಕೊಳವೆಗೂ ನಡುವಿನ ಜೋಡಣೆಯ ಬೋಲ್ಟುಗಳನ್ನು ಸಡಿಲಿಸಿ, ಹೊಗೆ ಅಲ್ಲೇ ಹೊರಬೀಳಲು ಸಂದು ಮಾಡಿ ಹೊರಬರುವಷ್ಟರಲ್ಲಿ ಡ್ರೈವರ್ ರಾಜಶೇಖರನ ಲಾರಿ ಗೇಟಿನ ಮುಂದೆ ನಿಂತಿದೆ. ಹಗ್ಗ ಹೆಗಲಿಗೇರಿಸಿ ಅವನು ಇಳಿಯುತ್ತಿದ್ದಾನೆ. ಯೋಹಾನ ಅವನತ್ತ ನೋಡುವುದಿಲ್ಲ. ಕೈ ಎತ್ತುತ್ತಾರೆ.

ಅವರು ಮೊದಲು ಕಂಡದ್ದು ಮಂದಾಕಿನಿಯವರನ್ನು. ಕಪ್ಪನ್ನು ಮೆಟ್ಟಿಲ ಮೇಲಿಟ್ಟು ಎರಡೂ ಕೈಗಳಿಂದ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಾರೆ. ರಾಜಶೇಖರ ಎರಡು ಹೆಜ್ಜೆ ಹಿಂದೆ ಸರಿದಿದ್ದಾನೆ. ಪಕ್ಕದ ಮನೆಗಳ ಕಿಟಕಿಗಳು ತೆರೆಯುತ್ತಿವೆ. ಕಾರು ಮೈಯೆಲ್ಲ ನಡುಗಿಸಿ ಅಬ್ಬರಿಸುತ್ತಿದೆ. ಯೋಹಾನ ಬಾನೆಟ್ ಮೇಲೆ ಅಂಗೈ ಊರಿ ಅದು ಹದಕ್ಕೆ ಬರುವವರೆಗೂ ನಿಲ್ಲುತ್ತಾರೆ.

ಕೊಕ್ಕೆ ಮಾಡಿದ ತಂತಿಯನ್ನು ಕೊಳವೆಗೆ ಹಾಕಿ ಎಳೆದಾಗ ಬಂದದ್ದು, ಮಳೆಗಾಲದ ತೇವಕ್ಕೆ ಉಬ್ಬಿದ, ಕಾಳು ಬಿಡಿಸಿದ ಗೋವಿನಜೋಳದ ದಿಂಡು. ಅಮ್ಮಿನಬಾವಿಯವರು ಪಂಪ್‌ಸೆಟ್ಟಿನ ಪೈಪು ಎತ್ತಿಡುವಾಗ ಇಲಿ ಸೇರದಂತೆ ದಿಂಡಿನ ಬೂಚು ಬಡಿಯುತ್ತಾರೆ. ಕಾರಿಗೂ ಅದೇ ಉಪಚಾರ ಮಾಡಿದ್ದಾರೆ. ಮನೆಯವರು ತೆಗೆಯುತ್ತಾರೆಂದು ಅವರು ಸುಮ್ಮನಿದ್ದರು, ಇದ್ದದ್ದೇ ಮನೆಯವರಿಗೆ ತಿಳಿದಿರಲಿಲ್ಲ. ಸೀರೆಯ ತುಂಡು ಅದನ್ನು ಕಣ್ಣಿಗೆ ಕಾಣದಷ್ಟು ಒಳಗೆ ತಳ್ಳಿತ್ತು.

ಬಾಳಕೃಷ್ಣ ಅಂಗಳದಲ್ಲೇ ನಿಂತು, ನೆರೆದವರಿಗೆಲ್ಲ ಕೇಳುವಂತೆ ಹುಬ್ಬಳ್ಳಿಯ ಗ್ಯಾರೇಜಿಗೆ ಫೋನ್ ಮಾಡುತ್ತಾರೆ. ಯೋಹಾನರ ಕಣ್ಣು ಅವರ ತುಟಿಗಳ ಮೇಲಿದೆ. "ಬ್ಯಾರೆ ಎಂಜಿನ್ ಬ್ಯಾಡ. ಇದಽ ಛಲೋ ಅದ. ಯೋಹಾನ ಮಿಸ್ತ್ರಿ ಕಟ್ಟಿದ್ದು ಅಂತ ಬರದಿಟ್ಕೋರಿ."

ಖಾಲಿ ಲಾರಿ ಹತ್ತುವ ಮೊದಲು ರಾಜಶೇಖರ ತಿರುಗಿ ಬರುತ್ತಾನೆ. ತನ್ನ ಲಾರಿಯಲ್ಲೂ ಎರಡು ತಿಂಗಳಿಂದ ಏನೋ ಸಪ್ಪಳ, ಯಾರಿಗೂ ಗೊತ್ತಾಗುತ್ತಿಲ್ಲ, ಮಿಸ್ತ್ರಿಯ ನಂಬರ್ ಬೇಕಿತ್ತು ಎನ್ನುತ್ತಾನೆ.

"ಫೋನ್ ಹಚ್ಚಿದ್ರ ನನಗ ಕೇಳ್ಸಂಗಿಲ್ಲಪಾ" ಎನ್ನುತ್ತಾರೆ ಯೋಹಾನ, ಕೈ ಒರೆಸಿಕೊಳ್ಳುತ್ತ. "ಗಾಡಿನ ತಗೊಂಡು ಬಾ. ಅದು ಏನ ಅಂತೈತಿ ಕೇಳ್ತೇನಿ."