ಕೆರೆಗೆ ಮರಳಿದ ಹಲಗೆ

ಅಮ್ಮಿನಬಾವಿ ಹಾದಿಯ ಕೆರೆಯ ಮೇಲೆ ತೆಳ್ಳಗಿನ ಆವಿ ಏಳುತ್ತಿದೆ. ಮೊಣಕಾಲುದ್ದ ನೀರಲ್ಲಿ ನಿಂತ ಮಕ್ತುಮಸಾಬರ ತೋಳಿನಲ್ಲಿ ಒದ್ದೆ ಗೋಣಿ ಸುತ್ತಿದ ಕರಿಗಟ್ಟಿದ ಹಳೆಯ ಮರದ ಹಲಗೆಯೊಂದಿದೆ. ಒಣಗಿದರೆ ಸೀಳೀತೆಂದು ಹೆಂಡತಿ ಕರೀಮಾಬಿ ನಿನ್ನೆಯಿಂದ ಅದಕ್ಕೆ ನೀರು ಹನಿಸುತ್ತಲೇ ಇದ್ದಾರೆ, ಹಸುಗೂಸನ್ನು ನೋಡಿಕೊಂಡ ಹಾಗೆ. ಇವತ್ತು ಅದನ್ನು ತಂದ ಜಾಗಕ್ಕೇ ಮುಟ್ಟಿಸಬೇಕು.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಮಕ್ತುಮಸಾಬರು ಇಳಿಯದ ಬಾವಿಯಿಲ್ಲ. ಹಗ್ಗ ಹರಿದು ಬಿದ್ದ ಕೊಡ, ಕೂಸಿನ ಕಾಲಿಂದ ಜಾರಿದ ಗೆಜ್ಜೆ, ಪಾತಾಳಗರಡಿಯ ಕೊಕ್ಕೆಗೂ ಸಿಗದ್ದೆಲ್ಲ ಅವರ ಕೈಗೆ ಸಿಗುತ್ತದೆ. ರಾಡಿ ನೀರಲ್ಲಿ ಕಣ್ಣಿಗೇನು ಕೆಲಸ? ಮುಚ್ಚಿಕೊಂಡೇ ಮುಳುಗುತ್ತಾರೆ. "ಕೈಗೆ ಹತ್ತಿದ್ದನ್ನ ಬಿಟ್ಟು ಬರಬಾರದ್ರಿ. ನಮ್ಮಪ್ಪ ಕಲಿಸಿದ್ದು ಅದೊಂದ," ಎನ್ನುತ್ತಾರೆ. ಈಗ ಓಣಿ ಓಣಿಗೆ ನಳ ಬಂದು ಬಾವಿಗಳನ್ನು ಕೇಳುವವರಿಲ್ಲ. ಹೀಗಾಗಿ ಧಾರವಾಡದ ಕಾಲೇಜಿನವರು ಕರೆದಾಗ ಅವರಿಗಾದ ಹಿಗ್ಗು ಅಷ್ಟಿಷ್ಟಲ್ಲ.

ಈ ಕೆರೆಯ ತಳದಲ್ಲೊಂದು ಹಳೆಯ ದೋಣಿಯಿದೆ. ಮದುವೆ ದಿಬ್ಬಣ ದಾಟಿಸುವಾಗ ಮುಳುಗಿತೆಂಬುದು ಊರ ಮಾತು. ಮಳೆಗಾಲಕ್ಕೆ ಮೊದಲು ಅದನ್ನು ಇದ್ದಲ್ಲೇ ಅಳೆದು ನಕ್ಷೆ ಬರೆಯಬೇಕೆಂದು ಇತಿಹಾಸದ ಮಾಸ್ತರ ಗುರುಸಿದ್ದಯ್ಯನವರೂ ಅವರ ವಿದ್ಯಾರ್ಥಿಗಳೂ ಹೊರಟಿದ್ದಾರೆ. ಅಳತೆಯ ಹುರಿ ಹಿಡಿದು ಮುಳುಗುವವರು ಇಬ್ಬರು: ಮಕ್ತುಮಸಾಬರು, ವಿದ್ಯಾರ್ಥಿ ಚನ್ನಯ್ಯ. ನಿನ್ನೆ ಸಡಿಲ ಹಲಗೆಯೊಂದು ಸಾಬರ ಕೈಗೆ ಹತ್ತಿತು. ಹುಟ್ಟುಗುಣ ಬಿಡುತ್ತದೆಯೇ? ಕಿತ್ತು ತಂದು, ನಗುನಗುತ್ತ ದಂಡೆಯ ಮೇಲಿಟ್ಟರು. ಮಾಸ್ತರರ ಮುಖ ಬಿಳಿಚಿತು.

"ಜಾಗಾನ ತಪ್ಪಿದ ಮ್ಯಾಲೆ ನಕ್ಷಾ ಹ್ಯಾಂಗ ಬರಿಯೋದು ಸಾಬರ? ಸಾಕು, ಇನ್ನ ನೀವು ಇಳೀಬ್ಯಾಡ್ರಿ."

"ಒಂದ ಸಲ ಬಿಡ್ರಿ ಸರ. ತಂದ ಕೈಗೆ ಇಡಾಕೂ ಬರತೈತಿ," ಎಂದು ಸಾಬರು ಅಂಗಲಾಚಿದರು. ಮಾಸ್ತರರು ಒಪ್ಪಿದ್ದು ಅರೆಮನಸ್ಸಿನಿಂದ.

ಸೊಂಟಕ್ಕೆ ಕಟ್ಟಿದ ಹಗ್ಗದ ತುದಿ ಕರೀಮಾಬಿಯ ಕೈಗೆ ಕೊಟ್ಟು ಸಾಬರು ಮುಳುಗುತ್ತಾರೆ, ಬೆನ್ನಿಗೇ ಚನ್ನಯ್ಯ. ಕೆಳಗೆ ಸದ್ದೆಂಬುದೇ ಇಲ್ಲ. ಹಲಗೆಯ ಗೂಟ ಕೂರುವ ತೂತು ಹುಡುಕುತ್ತ ದೋಣಿಯ ಒಡಲ ಮೇಲೆ ಮೆಲ್ಲಗೆ ಕೈಯಾಡಿಸುವಾಗ, ದಿಬ್ಬಣದವರು ಇನ್ನೂ ಅಲ್ಲೇ ಕೂತಿದ್ದಾರೆ, ತನಗಾಗಿ ತುಸು ಸರಿದು ಜಾಗ ಬಿಟ್ಟರು ಎನಿಸುತ್ತದೆ ಸಾಬರಿಗೆ. ಹೆದರಿಕೆಯಾಗುವುದಿಲ್ಲ, ಬೀಗರ ಮನೆಗೆ ಬಂದಂತೆ ಸಂಕೋಚವಾಗುತ್ತದೆ. ಉಸಿರು ಸೋತು ಮೇಲೆ ಬರುತ್ತಾರೆ, ಮತ್ತೆ ಇಳಿಯುತ್ತಾರೆ.

ಕೊನೆಗೆ ಚನ್ನಯ್ಯ ತಲೆ ಎತ್ತಿ ಕೂಗುತ್ತಾನೆ. "ಸರ, ಹಲಗಿ ಗೂಟ ತನ್ನ ತೂತಿನ್ಯಾಗ ಕುಂತೈತ್ರಿ! ನಾ ಕೈಯಿಟ್ಟು ನೋಡೇನಿ. ಕಾಕಾ ಖರೇ ಜಾಗಾಕ್ಕ ಇಟ್ಟಾರ್ರಿ!"

ಗುರುಸಿದ್ದಯ್ಯನವರು ನೀರಿಗಿಳಿದು ಬಂದು, ಅಳತೆಯ ಹುರಿಯನ್ನು ಮತ್ತೆ ಸಾಬರ ಕೈಗೆ ಕೊಡುತ್ತಾರೆ.

ದಂಡೆಯಲ್ಲಿ, ಸುದ್ದಿ ಬರೆದುಕೊಳ್ಳಲು ಬಂದ ಪತ್ರಿಕೆಯವರ ಜೊತೆ ಚಹಾ ಕುಡಿಯುತ್ತ ಸಾಬರು ಕೆರೆಯನ್ನೇ ನೋಡುತ್ತಾರೆ. "ಇಷ್ಟ ವರ್ಷ ಮಂದಿ ಕಳಕೊಂಡದ್ದನ್ನ ಮಂದಿಗೆ ತಂದು ಕೊಟ್ಟೇನ್ರಿ. ಕೆರೀದು ಕೆರೀಗೆ ಕೊಟ್ಟದ್ದು ಇದ ಮೊದಲ," ಎನ್ನುತ್ತಾರೆ. "ನನ್ನ ಹೆಸರು ಪೇಪರಿನ್ಯಾಗ ಬ್ಯಾಡ್ರಿ. ಆ ನಕ್ಷಾದಾಗ ಈ ಹಲಗಿ ಒಂದು ಬಿಡದಂಗ ಬರೀರಿ ಅಂತ ಹುಡುಗರಿಗೆ ಹೇಳ್ರಿ, ಸಾಕು."