ಕುರ್ಚಿಯ ಮೇಲಿನ ಟವೆಲ್ಲು

ಮನೆಯವರೆಲ್ಲ ಒಂದು ಸಲ ಸೇರಬೇಕು ಅಂತ ಎದ್ದು ನಿಂತವಳು ನಾನೇ. ಎಲ್ಲ ಅನ್ನೋದು ಬಾಯಿಮಾತು; ನನಗೆ ಬೇಕಿದ್ದದ್ದು ಇಬ್ಬರೇ. ಚನ್ನರಾಯಪಟ್ಟಣದಲ್ಲಿರುವ ನಮ್ಮಪ್ಪ, ಅರಕಲಗೂಡಿನಲ್ಲಿರುವ ಚಿಕ್ಕಪ್ಪ. ಜಮೀನು ಪಾಲಾದಾಗ ಏನೋ ಒಂದು ಮಾತು ಬಂತಂತೆ. ಅಲ್ಲಿಂದಾಚೆಗೆ ಅಣ್ಣತಮ್ಮಂದಿರು ಒಂದು ಪಂಕ್ತಿಯಲ್ಲಿ ಕೂತು ಉಂಡವರಲ್ಲ. ಸಾವಿಗೆ ಬರೋರು, ಮದುವೆಗೆ ಬರೋರು, ಮುಖ ತೋರಿಸಿ ಹೋಗೋರು. ಇಬ್ಬರಿಗೂ ಈಗ ಮೆಟ್ಟಿಲು ಹತ್ತೋಕೆ ಕಂಬಿ ಬೇಕು. ಇನ್ನೂ ಎಷ್ಟು ದಿನ ಈ ಬಿಂಕ? ಅಕ್ಕಪಕ್ಕ ಕೂರಿಸಿ ಒಂದು ಹೊತ್ತು ಉಣ್ಣಿಸಿಯೇ ಸೈ ಅಂತ ಹಟ ಹಿಡಿದೆ.

ಎಲ್ಲಿ ಸೇರೋದು ಅನ್ನೋದಕ್ಕೇ ವಾಟ್ಸಾಪ್ ಗ್ರೂಪಿನಲ್ಲಿ ರಂಪ ಎದ್ದಿತು. ಅಪ್ಪನ ಮನೆ ಅಂದರೆ ಚಿಕ್ಕಪ್ಪ ಹೊಸಿಲು ತುಳಿಯಲ್ಲ, ಚಿಕ್ಕಪ್ಪನ ಮನೆ ಅಂದರೆ ಅಪ್ಪ ಬಸ್ಸೇ ಹತ್ತಲ್ಲ. ಹಾಸನದ ನಮ್ಮ ಮನೆಗೇ ಬನ್ನಿ ಅಂದರೆ, ಮಗಳ ಮನೇಲಿ ದಾಯಾದಿಗಳೆಲ್ಲ ಹೋಗಿ ಉಣ್ಣೋದಾ ಅಂತ ಅಪ್ಪ ಮೂಗು ಮುರಿದರು. ಸಾಕಪ್ಪಾ ಸಾಕು ಅಂತ ಹೊಳೆನರಸೀಪುರದಲ್ಲಿ ಒಂದು ಛತ್ರ ಹಿಡಿದೆ. ಯಾರ ಮನೆಯೂ ಅಲ್ಲ, ಯಾರ ತಕರಾರೂ ಇಲ್ಲ. ಎಂಥ ತಲೆ ನಂದು ಅಂತ ಬೀಗಿದ್ದೇ ಬೀಗಿದ್ದು.

ಆ ಭಾನುವಾರ ಚಿಕ್ಕಪ್ಪ ಬಂದರು! ಬಿಳಿ ಪಂಚೆಗೆ ಇಸ್ತ್ರಿ ಹಾಕಿಸಿಕೊಂಡು ಬಂದಿದ್ದರು. ಊಟದ ಹೊತ್ತಿಗೆ, ಹಿರಿಯರು ಅಂತ ಅಪ್ಪನನ್ನು ಕೈಹಿಡಿದು ಮೊದಲ ಟೇಬಲ್ಲಿಗೆ ಕೂರಿಸಿದೆ. ಪಕ್ಕದ ಕುರ್ಚಿ ಖಾಲಿ ಇತ್ತು. ಚಿಕ್ಕಪ್ಪನನ್ನೂ ಕರೆತರೋಣ ಅಂತ ತಿರುಗುವಷ್ಟರಲ್ಲಿ ಅಡುಗೆಮನೆಯಿಂದ ಕೂಗು. ಮುದ್ದೆ ಗಂಟುಗಂಟಾಗಿತ್ತು. ಹೋಗಿ ಆ ಅಡುಗೆಯವನ ಜನ್ಮ ಜಾಲಾಡಿದೆ.

ಬೇರೆ ಮುದ್ದೆ ಕಟ್ಟಿಸಿ, ಬಡಿಸಲು ಕಳಿಸಿ ವಾಪಸ್ಸು ಬಂದರೆ ಅಪ್ಪನ ಪಕ್ಕದ ಕುರ್ಚಿ ಇನ್ನೂ ಖಾಲಿ. ಅದರ ಮೇಲೆ, ಬಸ್ಸಿನಲ್ಲಿ ಸೀಟು ಹಿಡಿದ ಹಾಗೆ, ಅಪ್ಪನ ಟವೆಲ್ಲು.

"ಚಿಕ್ಕಪ್ಪ ಎಲ್ಲಿ?"

"ಒಂಟೋದ," ಅಂದರು ಅಪ್ಪ, ನನ್ನ ಮುಖ ನೋಡದೆ.

ಹೊರಗೆ ಓಡಿದೆ. ಇರಲಿಲ್ಲ. ಫೋನು ಮಾಡಿದರೆ ಹಿಂದೆ ಬಸ್ಸಿನ ಸದ್ದು. "ಅಯ್ಯೋ, ಉಣ್ಣದೆ ಹೊರಟುಬಿಟ್ರಾ ಚಿಕ್ಕಪ್ಪಾ?"

"ಯಾರೂ ಏಳು, ಕೈ ತೊಳಿ ಅನ್ನಲಿಲ್ಲ ಕಣವ್ವ. ಮನೆ ಅಂತಿದ್ರೆ ಮನೆಯೋರು ಕರೀತಾರೆ. ಛತ್ರದಾಗೆ ಯಾರು ಕರೀತಾರೆ? ಆದ್ರೂ ನಾಚ್ಕೆ ಬಿಟ್ಟು ಅಣ್ಣನ ಪಕ್ಕದವರ್ಗೂ ಬಂದೆ. ಕುರ್ಚಿ ಮ್ಯಾಲೆ ಟವೆಲ್ ಆಕಿದ್ದ. ಯಾರ್ಗೋ ಹಿಡ್ದವ್ನೆ ಅಂತ ಬಂದ್ಬುಟ್ಟೆ."

ನಿಜವೇ. ನಮ್ಮ ಕಡೆ ಮನೆಯ ಯಜಮಾನ ಬಂದು ಕರೆಯದೆ ದೊಡ್ಡವರು ಎಲೆ ಮುಂದೆ ಕೂರಲ್ಲ. ಯಾರ ಮನೆಯೂ ಅಲ್ಲದ ಜಾಗವನ್ನು ಹುಡುಕಿ ಹುಡುಕಿ ಹಿಡಿದವಳಿಗೆ, ಅಲ್ಲಿ ಕರೆಯೋ ಯಜಮಾನನೇ ಇರಲ್ಲ ಅನ್ನೋದು ಹೊಳೆಯಲೇ ಇಲ್ಲ.

ಫೋನು ಹಿಡಿದುಕೊಂಡೇ ಒಳಗೆ ಬಂದು ಅಪ್ಪನ ಮೇಲೆ ಹರಿಹಾಯ್ದೆ. "ಯಾರಿಗೆ ಇಟ್ಟಿದ್ರಿ ಈ ಟವೆಲ್ಲು?"

"ಇನ್ಯಾರ್ಗೆ? ಅವ್ನಿಗೇ."

"ಬಾ, ಕೂತ್ಕೋ ಅನ್ನೋದಕ್ಕೆ ಬಾಯಿಗೇನಾಗಿತ್ತು?"

"ಕರ್ದು ಕೂರ್ಸೋಕೆ ಅವ್ನೇನು ನೆಂಟನಾ?" ಅಪ್ಪನ ದನಿ ಒಡೆಯಿತು. "ನನ್ ತಮ್ಮ ಕಣವ್ವ. ಬಂದು ಟವೆಲ್ ತೆಗ್ದು ಕೂತ್ಕತಾನೆ ಅನ್ಕಂಡಿದ್ದೆ."

ಫೋನಿನಲ್ಲಿ ಚಿಕ್ಕಪ್ಪನಿಗೆ ಎಲ್ಲ ಕೇಳಿಸಿತ್ತು. ಇಳಿದು ಬರ್ತೀನಿ ಅಂತಾರೇನೋ ಅಂತ ಫೋನು ಕಿವಿಗೆ ಒತ್ತಿ ಹಿಡಿದೆ. ಅನ್ನಲಿಲ್ಲ.

"ಅಣ್ಣ ಉಂಡ್ನಾ?" ಅಂದರು.

ಆಗ ಅಪ್ಪನ ಎಲೆ ನೋಡಿದೆ. ಮುದ್ದೆ ಮುರಿದೇ ಇರಲಿಲ್ಲ. ಸಾರು ತಣ್ಣಗಾಗಿ ಮೇಲೆ ಕೊಬ್ಬು ಕಟ್ಟಿತ್ತು. ನೆಂಟರೆಲ್ಲ ನಾನು ಮಾಡಿಸಿದ ಊಟ ಹೊಗಳುತ್ತಾ ಕೈ ತೊಳೆಯುತ್ತಿದ್ದರು. ಯಾರಿಗೋಸ್ಕರ ಇಷ್ಟೆಲ್ಲ ಮಾಡಿದೆನೋ ಆ ಇಬ್ಬರನ್ನೇ ಉಪವಾಸ ಕೆಡವಿದ್ದೆ.